ಪದಗಳ ಅರ್ಥ ಗೊತ್ತಿದ್ದರೂ ಜಿಆರ್‌ಇ ವರ್ಬಲ್‌ನಲ್ಲಿ ಉತ್ತರ ತಪ್ಪುತ್ತಿದೆ: ಸಂದರ್ಭವನ್ನು ಓದುವುದು ಹೇಗೆ?

ಪ್ರಶ್ನೆ: ಹಾಸನದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಂಜಿನಿಯರಿಂಗ್ ಮುಗಿದಿದ್ದು, ಹೊರದೇಶದಲ್ಲಿ ಎಂ.ಎಸ್. ಮಾಡುವ ಉದ್ದೇಶದಿಂದ ಈಗ ಜಿಆರ್‌ಇ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೇನೆ. ಗಣಿತದ ಭಾಗದ ಬಗ್ಗೆ ನನಗೆ ಆತಂಕವಿಲ್ಲ. ವರ್ಬಲ್ ಭಾಗದಲ್ಲಿ, ಅದರಲ್ಲೂ ಬಿಟ್ಟ ಸ್ಥಳ ತುಂಬುವ ಟೆಕ್ಸ್ಟ್ ಕಂಪ್ಲೀಷನ್ ಪ್ರಶ್ನೆಗಳಲ್ಲಿ, ಕೊಟ್ಟಿರುವ ಐದೂ ಪದಗಳ ಅರ್ಥ ಗೊತ್ತಿದ್ದಾಗಲೂ ಸರಿಯಾದ ಉತ್ತರ ಸಿಗುತ್ತಿಲ್ಲ ಎಂಬುದೇ ನನ್ನ ತೊಂದರೆ.

ನನ್ನನ್ನು ಗೊಂದಲಕ್ಕೀಡುಮಾಡಿದ ಒಂದು ವಾಕ್ಯದ ತಾತ್ಪರ್ಯವನ್ನು ಕನ್ನಡದಲ್ಲಿ ಕೊಡುತ್ತೇನೆ: "ಆ ಇತಿಹಾಸಕಾರ್ತಿಯ ಬರವಣಿಗೆ ಸಾಮಾನ್ಯವಾಗಿ ______ ಆಗಿದ್ದರೂ, ಈ ಕೊನೆಯ ಅಧ್ಯಾಯದಲ್ಲಿ ಆಕೆ ಎಷ್ಟು ಸರಳವಾಗಿ ಬರೆದಿದ್ದಾಳೆಂದರೆ ವಿಷಯಕ್ಕೆ ಹೊಸಬರಾದವರೂ ಆಕೆಯ ವಾದವನ್ನು ಹಿಂಬಾಲಿಸಬಹುದು." ಆಯ್ಕೆಗಳು ಲ್ಯೂಸಿಡ್ (ಸುಲಭವಾಗಿ ತಿಳಿಯುವ), ಓಪೇಕ್, ಎಂಗೇಜಿಂಗ್ (ಮನಸೆಳೆಯುವ), ಎರುಡೈಟ್ ಮತ್ತು ಟರ್ಸ್. ಇತಿಹಾಸಕಾರ್ತಿ ಎಂದ ಮೇಲೆ ವಿದ್ವತ್ಪೂರ್ಣ ಎಂಬ ಅರ್ಥದ ಎರುಡೈಟ್ ಹೊಂದುತ್ತದೆ ಎನಿಸಿತು, ಆದರೆ ಸರಿಯುತ್ತರ ಓಪೇಕ್ ಎಂದಿದೆ. ಯಾರನ್ನು ಕೇಳಿದರೂ "ಸಂದರ್ಭ ನೋಡಿ ಉತ್ತರಿಸಬೇಕು" ಎನ್ನುತ್ತಾರೆ. ಸಂದರ್ಭ ನೋಡುವುದೆಂದರೆ ನಿರ್ದಿಷ್ಟವಾಗಿ ಏನನ್ನು ನೋಡುವುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಧಾರವಾಡದ ಇಂಗ್ಲಿಷ್ ಅಧ್ಯಾಪಕ

ನಿಮ್ಮ ಪ್ರಶ್ನೆ ಸರಿಯಾದ ಜಾಗದಲ್ಲೇ ನಿಂತಿದೆ. ಸಂದರ್ಭ ನೋಡಿ ಎಂಬ ಮಾತನ್ನು ಬಹಳ ಮಂದಿ "ಅಕ್ಕಪಕ್ಕದ ವಿಷಯಕ್ಕೆ ಹೊಂದುವ ಪದವನ್ನು ಆರಿಸಿ" ಎಂದು ಅರ್ಥಮಾಡಿಕೊಳ್ಳುತ್ತಾರೆ. ಹೊಂದಿಕೆ ಬೇರೆ, ಆಧಾರ ಬೇರೆ. ಇತಿಹಾಸಕಾರ್ತಿ ಎಂಬ ಪದಕ್ಕೆ ಎರುಡೈಟ್ ಹೊಂದುತ್ತದೆ ಎಂಬುದು ನಿಜ, ಆದರೆ ಆ ಹೊಂದಿಕೆ ಬಂದಿರುವುದು ನಮ್ಮ ಲೋಕಾನುಭವದಿಂದಲೇ ಹೊರತು ವಾಕ್ಯದಿಂದಲ್ಲ. ವಾಕ್ಯ ಹೇಳುತ್ತಿರುವುದು ಇಷ್ಟು: ಕೊನೆಯ ಅಧ್ಯಾಯ ಹೊಸಬರಿಗೂ ತಿಳಿಯುವಷ್ಟು ಸರಳವಾಗಿದೆ, ಮತ್ತು ಅದು ಆಕೆಯ ಎಂದಿನ ರೀತಿಗೆ ವಿರುದ್ಧವಾಗಿದೆ. ಹಾಗಾದರೆ ಎಂದಿನ ರೀತಿ ಸುಲಭವಾಗಿ ತಿಳಿಯದಂಥದ್ದು ಆಗಿರಲೇಬೇಕು. ವಿದ್ವತ್ಪೂರ್ಣವಾದ ಬರಹ ಸರಳವಾಗಿಯೂ ಇರಬಹುದು, ಆದ್ದರಿಂದ ಎರುಡೈಟ್ ಇಲ್ಲಿ ವಿರೋಧವನ್ನು ಕಟ್ಟುವುದಿಲ್ಲ. ಅಡಕವಾದ ಎಂಬರ್ಥದ ಟರ್ಸ್ ಕೂಡ ಅದೇ ಕಾರಣಕ್ಕೆ ಬಿದ್ದುಹೋಗುತ್ತದೆ. ಅರ್ಥ ಒಳಹೊಕ್ಕು ಕಾಣದಂತೆ ಮಬ್ಬಾಗಿರುವುದನ್ನು ಸೂಚಿಸುವ ಓಪೇಕ್ ಒಂದೇ ಉಳಿಯುತ್ತದೆ.

ಪ್ರತಿ ಪ್ರಶ್ನೆಯಲ್ಲೂ ನೀವು ಹುಡುಕಬೇಕಾದದ್ದು ಎರಡು ವಸ್ತುಗಳನ್ನು. ಬಿಟ್ಟ ಸ್ಥಳದ ಅರ್ಥವನ್ನು ಬೇರೆ ಮಾತುಗಳಲ್ಲಿ ಹೇಳಿರುವ ಭಾಗ ಯಾವುದು ಎಂಬುದು ಒಂದು. ಆ ಭಾಗಕ್ಕೂ ಬಿಟ್ಟ ಸ್ಥಳಕ್ಕೂ ಇರುವ ಸಂಬಂಧ ಅನುಸರಣೆಯದೋ ವಿರೋಧದ್ದೋ ಎಂಬುದನ್ನು ತಿಳಿಸುವ ಚಿಕ್ಕ ಪದ ಇನ್ನೊಂದು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳನ್ನು ಕೆಡವುವುದು ಈ ಚಿಕ್ಕ ಪದಗಳೇ. ನೂರಾರು ಕಠಿಣ ಪದಗಳನ್ನು ಬಾಯಿಪಾಠ ಮಾಡಿದವರು ಕೂಡ "ಎನಿಥಿಂಗ್ ಬಟ್" ಎಂದರೆ "ಅದೊಂದು ಮಾತ್ರ ಅಲ್ಲವೇ ಅಲ್ಲ" ಎಂದೂ "ನಥಿಂಗ್ ಬಟ್" ಎಂದರೆ "ಅದೊಂದೇ" ಎಂದೂ ಕ್ಷಣಮಾತ್ರದಲ್ಲಿ ಬೇರ್ಪಡಿಸಲಾರದೆ ಅರ್ಥವನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. "ಫಾರ್ ಫ್ರಮ್" ಎಂಬುದು ದೂರವನ್ನಲ್ಲ, ನಿರಾಕರಣೆಯನ್ನು ಹೇಳುತ್ತದೆ. ವಾಕ್ಯದ ನಡುವೆ ಅಲ್ಪವಿರಾಮದ ನಂತರ ಬರುವ "ಫಾರ್" ಎಂಬುದಕ್ಕೆ "ಏಕೆಂದರೆ" ಎಂಬ ಅರ್ಥವಿರುತ್ತದೆ. "ಇಫ್ ಎನಿಥಿಂಗ್" ಬಂದರೆ ಹಿಂದಿನ ಮಾತನ್ನು ಅಲ್ಲಗಳೆದು ಅದರ ವಿರುದ್ಧ ದಿಕ್ಕಿಗೆ ಹೋಗುತ್ತಿದ್ದೇವೆಂದು ತಿಳಿಯಬೇಕು: "ಹೊಸ ನಿಯಮ ಸಣ್ಣ ಬೆಳೆಗಾರರ ಹೊರೆಯನ್ನು ಇಳಿಸಲಿಲ್ಲ; ಇಫ್ ಎನಿಥಿಂಗ್, ಅದನ್ನು ______" ಎಂದಿದ್ದರೆ ಖಾಲಿ ಜಾಗದಲ್ಲಿ ಹೆಚ್ಚಿಸಿತು ಎಂಬರ್ಥದ ಪದವಲ್ಲದೆ ಬೇರೆ ಯಾವುದೂ ನಿಲ್ಲದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ನಮ್ಮಲ್ಲಿ "ಮಳೆ ಬಂದರೂ", "ಓದಿದರೂ" ಎಂದು ವಿರೋಧದ ಗುರುತು ಕ್ರಿಯಾಪದದ ಬಾಲದಲ್ಲಿ ಅಂಟಿಕೊಂಡಿರುತ್ತದೆ. ಉಪವಾಕ್ಯವನ್ನು ಪೂರ್ತಿ ಕೇಳಿದ ಮೇಲೆ, ಮುಖ್ಯವಾಕ್ಯ ಆರಂಭವಾಗುವ ಹೊಸ್ತಿಲಲ್ಲಿ ಅದು ಕಿವಿಗೆ ಬೀಳುವುದರಿಂದ ಮರೆಯುವ ಸಂಭವವಿಲ್ಲ. ಇಂಗ್ಲಿಷಿನಲ್ಲಿ ಆಲ್ದೋ, ಡಿಸ್ಪೈಟ್, ವೈಲ್ ಮುಂತಾದವು ವಾಕ್ಯದ ಮೊದಲಲ್ಲೇ ಬಂದು, ಮೂರು ಸಾಲು ಉದ್ದದ ಉಪವಾಕ್ಯ ಮುಗಿಯುವ ಹೊತ್ತಿಗೆ ಓದುಗನ ನೆನಪಿನಿಂದ ಜಾರಿರುತ್ತವೆ. ಆದ್ದರಿಂದ ಇಂಥ ಪದ ಕಂಡ ಕೂಡಲೇ ರಫ್ ಹಾಳೆಯ ಮೇಲೆ ವಿರೋಧದ ಒಂದು ಗುರುತು ಹಾಕಿಕೊಂಡು ಮುಂದಕ್ಕೆ ಓದುವುದನ್ನು ರೂಢಿಮಾಡಿಕೊಳ್ಳಿ. ವಿರಾಮಚಿಹ್ನೆಗಳೂ ಮಾತನಾಡುತ್ತವೆ: ಕೋಲನ್ ಇದ್ದರೆ ಅದರ ಬಲಭಾಗ ಎಡಭಾಗವನ್ನು ವಿವರಿಸುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಇನ್ನು ಕ್ರಮದ ಮಾತು. ಆಯ್ಕೆಗಳನ್ನು ಮೊದಲು ನೋಡಬೇಡಿ. ವಾಕ್ಯವನ್ನಷ್ಟೇ ಓದಿ, ಬಿಟ್ಟ ಸ್ಥಳದಲ್ಲಿ ಯಾವ ಅರ್ಥ ಕೂರಬೇಕು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ಈ ಮಾತು ಇಂಗ್ಲಿಷಿನದೇ ಆಗಬೇಕೆಂಬ ನಿಯಮವೇನೂ ಇಲ್ಲ, ಕನ್ನಡದಲ್ಲೇ ಬರೆದುಕೊಳ್ಳಿ. ನಿಮ್ಮ ಮನಸ್ಸಿನಲ್ಲಿ ಕನ್ನಡದ ಪದಗಳ ನಡುವಿನ ಸೂಕ್ಷ್ಮ ಭೇದಗಳು ಖಚಿತವಾಗಿವೆ. "ಕ್ಲಿಷ್ಟ" ಎಂದು ಬರೆದುಕೊಂಡ ಮೇಲೆ ಎರುಡೈಟ್ ನಿಮ್ಮನ್ನು ಸೆಳೆಯುವುದಿಲ್ಲ, ಏಕೆಂದರೆ ಕ್ಲಿಷ್ಟಕ್ಕೂ ಪಾಂಡಿತ್ಯಕ್ಕೂ ಇರುವ ವ್ಯತ್ಯಾಸ ನಿಮಗೆ ಯಾರೂ ಹೇಳಿಕೊಡದೆ ಗೊತ್ತಿದೆ.

ಎರಡು ಅಥವಾ ಮೂರು ಬಿಟ್ಟ ಸ್ಥಳಗಳಿರುವ ಪ್ರಶ್ನೆಗಳಲ್ಲಿ ಮೊದಲನೆಯದರಿಂದಲೇ ಆರಂಭಿಸಬೇಕಾಗಿಲ್ಲ. ಯಾವ ಜಾಗಕ್ಕೆ ಆಧಾರ ಸ್ಪಷ್ಟವಾಗಿದೆಯೋ ಅದನ್ನು ಮೊದಲು ತುಂಬಿ, ಅದರ ಬಲದಿಂದ ಉಳಿದವನ್ನು ಬಿಡಿಸಿ. ಎಲ್ಲ ಜಾಗಗಳೂ ಸರಿಯಾಗಿದ್ದರೆ ಮಾತ್ರ ಅಂಕ ಬರುತ್ತದೆ, ಭಾಗಶಃ ಅಂಕವಿಲ್ಲ.

ಸೆಂಟೆನ್ಸ್ ಇಕ್ವಿವಲೆನ್ಸ್ ಬಗೆಯ ಪ್ರಶ್ನೆಗಳನ್ನು ನೀವು ಕೇಳಿಲ್ಲವಾದರೂ ಒಂದು ಮಾತು ಹೇಳಬೇಕು, ಏಕೆಂದರೆ ಸಂದರ್ಭದ ಪಾಠ ಅಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಆರು ಆಯ್ಕೆಗಳಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು. "ಅಣ್ಣ ಮಾತುಗಾರನಾಗಿದ್ದರೆ, ತಮ್ಮ ಎಷ್ಟು ______ ಆಗಿದ್ದನೆಂದರೆ ಅತಿಥಿಗಳು ಅವನ ಮೌನವನ್ನು ಅಸಮಾಧಾನವೆಂದು ತಪ್ಪಾಗಿ ತಿಳಿಯುತ್ತಿದ್ದರು" ಎಂಬ ವಾಕ್ಯಕ್ಕೆ ಟ್ಯಾಸಿಟರ್ನ್, ರೆಟಿಸೆಂಟ್, ಗ್ಯಾರುಲಸ್, ಲೊಕ್ವೇಶಸ್, ಸಲನ್, ಡೆಫರೆನ್ಷಿಯಲ್ (ವಿನಯದಿಂದ ನಡೆದುಕೊಳ್ಳುವ) ಎಂಬ ಆಯ್ಕೆಗಳಿವೆ ಎಂದುಕೊಳ್ಳಿ. ಸಮಾನಾರ್ಥಕಗಳ ಜೋಡಿಯನ್ನಷ್ಟೇ ಹುಡುಕುವವರು ವಾಚಾಳಿ ಎಂಬರ್ಥದ ಗ್ಯಾರುಲಸ್ ಮತ್ತು ಲೊಕ್ವೇಶಸ್ ಕಂಡು ಅಲ್ಲೇ ನಿಲ್ಲುತ್ತಾರೆ, ಆ ಜೋಡಿ ಅಣ್ಣನಿಗೆ ಸೇರಿದ್ದು. ಮುಖ ಗಂಟಿಕ್ಕಿಕೊಂಡ ಎಂಬರ್ಥದ ಸಲನ್ ಮೇಲ್ನೋಟಕ್ಕೆ ಒಪ್ಪುವಂತಿದ್ದರೂ ಅದಕ್ಕೆ ಜೊತೆಯಿಲ್ಲ. ಅಷ್ಟೇ ಅಲ್ಲ, ಅತಿಥಿಗಳು ತಿಳಿದದ್ದು ತಪ್ಪು ಎಂದು ವಾಕ್ಯವೇ ಹೇಳಿರುವಾಗ ಅವನು ನಿಜವಾಗಿ ಅಸಮಾಧಾನಗೊಂಡಿರಲು ಸಾಧ್ಯವಿಲ್ಲ. ಮಿತಭಾಷಿ ಎಂಬರ್ಥದ ಮೊದಲಿನ ಎರಡು ಪದಗಳು ಹೀಗೆ ವಾಕ್ಯದ ಒತ್ತಾಯದಿಂದಲೇ ಉಳಿಯುತ್ತವೆ.

ಉತ್ತರ: ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಅಧ್ಯಾಪಕರ ವಿವರಣೆ, ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗಾಗಿ ನನ್ನ ಮಗಳು ನಡೆಸುತ್ತಿರುವ ತಯಾರಿಗೂ ನೇರವಾಗಿ ಅನ್ವಯಿಸುತ್ತದೆ, ಹಾಗಾಗಿ ಆ ಪರೀಕ್ಷೆಯ ಕಡೆಯಿಂದ ಒಂದು ಅಂಶವನ್ನು ಸೇರಿಸುತ್ತೇನೆ. ಎಸ್‌ಎಟಿ ಪರೀಕ್ಷೆ ವಿರುದ್ಧಪದಗಳ ಪ್ರಶ್ನೆಗಳನ್ನು 1994ರಲ್ಲಿ, ಪದಸಂಬಂಧದ ಅನಾಲಜಿ ಪ್ರಶ್ನೆಗಳನ್ನು 2005ರಲ್ಲಿ, ವಾಕ್ಯಪೂರಣದ ಹಳೆಯ ಪ್ರಶ್ನೆಗಳನ್ನು 2016ರಲ್ಲಿ ಕೈಬಿಟ್ಟಿತು. ಜಿಆರ್‌ಇ ಕೂಡ 2011ರ ಪರಿಷ್ಕರಣೆಯಲ್ಲಿ ವಿರುದ್ಧಪದ ಮತ್ತು ಅನಾಲಜಿಗಳನ್ನು ತೆಗೆದುಹಾಕಿದೆ. ಒಂಟಿಯಾಗಿ ನಿಂತ ಪದದ ಅರ್ಥವನ್ನು ಕೇಳುವುದರಿಂದ ವಾಕ್ಯದೊಳಗೆ ಅದು ಮಾಡುವ ಕೆಲಸವನ್ನು ಕೇಳುವುದರತ್ತ ಈ ಪರೀಕ್ಷೆಗಳು ಸರಿದಿವೆ ಎಂಬುದು ಇದರಿಂದ ತಿಳಿಯುತ್ತದೆ. ಈಗಿನ ಡಿಜಿಟಲ್ ಎಸ್‌ಎಟಿಯಲ್ಲಿ 25ರಿಂದ 150 ಪದಗಳಷ್ಟು ಚಿಕ್ಕ ಗದ್ಯಭಾಗವನ್ನು ಕೊಟ್ಟು, ಅದರಲ್ಲಿನ ಖಾಲಿ ಜಾಗಕ್ಕೆ ತಕ್ಕ ಪದವನ್ನೋ ಅಥವಾ ಅಲ್ಲಿ ಬಂದಿರುವ ಪದದ ಅರ್ಥವನ್ನೋ ಕೇಳುತ್ತಾರೆ.

ಎರಡನೆಯ ಬಗೆಯಲ್ಲಿ ಕಷ್ಟ ಕೊಡುವುದು ಅಪರಿಚಿತ ಪದಗಳಿಗಿಂತ ಪರಿಚಿತ ಪದಗಳೇ. "ಸಸ್ಯಶಾಸ್ತ್ರಜ್ಞೆ ಆ ಸಂಶೋಧನೆಯನ್ನು ಸ್ವಾಗತಿಸಿದರೂ ತನ್ನ ಪ್ರಶಂಸೆಯನ್ನು ಕ್ವಾಲಿಫೈ ಮಾಡಿದಳು, ಮಾದರಿಗಳೆಲ್ಲ ಒಂದೇ ಗುಡ್ಡದಿಂದ ಬಂದವು ಎಂದು ಗಮನಕ್ಕೆ ತಂದಳು" ಎಂಬಲ್ಲಿ ಕ್ವಾಲಿಫೈ ಎಂದರೆ ಅರ್ಹತೆ ಪಡೆಯುವುದಲ್ಲ, ಮಿತಿ ಹಾಕುವುದು. ಅರೆಸ್ಟ್ ಎಂದರೆ ತಡೆದು ನಿಲ್ಲಿಸುವುದು, ವಾಂಟ್ ಎಂದರೆ ಕೊರತೆ, ಟೆಂಪರ್ ಎಂದರೆ ತೀಕ್ಷ್ಣತೆಯನ್ನು ತಗ್ಗಿಸುವುದು, ಫ್ಲ್ಯಾಗ್ ಎಂದರೆ ಕುಗ್ಗುವುದು ಎಂಬ ಬಳಕೆಗಳೂ ಇವೆ. ಊರಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತು ಎನ್ನುವುದನ್ನು ಕೇಳಿ ಬೆಳೆದ ನಮಗೆ ಆ ಪದ ಮಂಜೂರಾತಿ ಎಂಬ ಒಂದೇ ಅರ್ಥದಲ್ಲಿ ನೆಲೆಸಿರುತ್ತದೆ, ಆದರೆ ಒಂದು ದೇಶದ ಮೇಲೆ ಹೇರುವ ನಿರ್ಬಂಧಕ್ಕೂ ಅದೇ ಪದ. ಪದ ಗೊತ್ತು ಎಂಬ ಭರವಸೆ ಹುಟ್ಟಿದ ಕಡೆಯೇ ವಾಕ್ಯವನ್ನು ಎರಡನೆಯ ಸಲ ಓದಬೇಕೆಂದು ಮಗಳಿಗೆ ಹೇಳುತ್ತಿರುತ್ತೇನೆ.

ಪ್ರಶ್ನಿಸಿದವರಿಂದ: ಹಾಸನದ ಓದುಗಿ

ಸರ್, ಮೇಡಂ, ಇಬ್ಬರಿಗೂ ಕೃತಜ್ಞತೆಗಳು. ಆಯ್ಕೆಗಳನ್ನು ಮುಚ್ಚಿಟ್ಟು ಕನ್ನಡದಲ್ಲಿ ಅರ್ಥ ಬರೆದುಕೊಳ್ಳಬಹುದೆಂಬುದು ನನಗೆ ಹೊಳೆದಿರಲಿಲ್ಲ. ಆದರೆ ಇದರಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತಿದೆ. ಸಂದರ್ಭವೇ ಅರ್ಥವನ್ನು ಕೊಡುವುದಾದರೆ ಪದಪಟ್ಟಿಗಳನ್ನು ಬಾಯಿಪಾಠ ಮಾಡುವುದನ್ನು ನಿಲ್ಲಿಸಿ, ಆ ಸಮಯವನ್ನು ಇಂಗ್ಲಿಷ್ ಪತ್ರಿಕೆಗಳ ಓದಿಗೆ ಮೀಸಲಿಡುವುದು ಒಳ್ಳೆಯದೇ? ಅಪರಿಚಿತ ಪದ ಬಂದಾಗ ಅದರ ಮೂಲಧಾತುವಿನಿಂದ ಅರ್ಥ ಊಹಿಸಬಹುದು ಎಂದೂ ಕೆಲವರು ಹೇಳುತ್ತಾರೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಮೈಸೂರಿನಿಂದ, ಭಾಷಾಬೋಧನೆಯ ಸಂಶೋಧನಾ ವಿದ್ಯಾರ್ಥಿ

ದಯವಿಟ್ಟು ಪಟ್ಟಿಯನ್ನು ಬಿಡಬೇಡಿ. ಸಂದರ್ಭದಿಂದ ಉತ್ತರ ಹುಡುಕುವುದು ಮತ್ತು ಸಂದರ್ಭದಿಂದ ಪದ ಕಲಿಯುವುದು ಎರಡು ಬೇರೆ ಬೇರೆ ಸಂಗತಿಗಳು, ಅವುಗಳನ್ನು ಒಂದೆಂದು ತಿಳಿದರೆ ತಯಾರಿಯ ದಿಕ್ಕೇ ತಪ್ಪುತ್ತದೆ.

ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್‌ಕ್ಯೂನ್ ಮತ್ತು ಎಲೆನ್ ಮೆಕ್‌ಕ್ಯಾಸ್ಲಿನ್ ಎಂಬ ಸಂಶೋಧಕರು 1983ರ ಲೇಖನವೊಂದರಲ್ಲಿ ಎಲ್ಲ ಸಂದರ್ಭಗಳೂ ಸಮಾನವಲ್ಲ ಎಂದು ವಾದಿಸಿ, ಅವುಗಳನ್ನು ವಿಂಗಡಿಸಿದರು. ಕೆಲವು ಸಂದರ್ಭಗಳು ಓದುಗನನ್ನು ಸರಿಯಾದ ಅರ್ಥದ ಕಡೆಗೆ ಕರೆದೊಯ್ಯುತ್ತವೆ, ಕೆಲವು ಸ್ಥೂಲವಾದ ಸುಳಿವನ್ನಷ್ಟೇ ಕೊಡುತ್ತವೆ, ಕೆಲವು ಯಾವ ನೆರವನ್ನೂ ನೀಡುವುದಿಲ್ಲ, ಇನ್ನು ಕೆಲವಂತೂ ತಪ್ಪು ಅರ್ಥದ ಕಡೆಗೇ ತಳ್ಳುತ್ತವೆ. ಪತ್ರಿಕೆಯ ಲೇಖನವನ್ನೋ ಕಾದಂಬರಿಯನ್ನೋ ಬರೆಯುವವರಿಗೆ ಒಂದು ಪದದ ಅರ್ಥ ಅದೇ ವಾಕ್ಯದಿಂದ ಸಿದ್ಧವಾಗಬೇಕೆಂಬ ಹೊಣೆಯಿರುವುದಿಲ್ಲ. ಪರೀಕ್ಷೆಯ ಪ್ರಶ್ನೆ ಬರೆಯುವವರಿಗೆ ಆ ಹೊಣೆಯಿದೆ: ಒಂದೇ ಉತ್ತರ ಸರಿ ಎಂದು ಸಮರ್ಥಿಸಿಕೊಳ್ಳಲು ಬೇಕಾದ ಆಧಾರವನ್ನು ಅವರು ವಾಕ್ಯದೊಳಗೇ ಇಟ್ಟಿರಬೇಕು. ಅಧ್ಯಾಪಕರು ಹೇಳಿದ ವಿಧಾನ ಪರೀಕ್ಷೆಯಲ್ಲಿ ಅಷ್ಟು ಚೆನ್ನಾಗಿ ನಡೆಯುವುದು ಈ ಕಾರಣದಿಂದ, ಮತ್ತು ದಿನನಿತ್ಯದ ಓದಿನಲ್ಲಿ ಅದೇ ವಿಧಾನ ಆಗಾಗ ಕೈಕೊಡುವುದೂ ಇದೇ ಕಾರಣದಿಂದ.

ವಿಲ್ಸನ್ ಟೇಲರ್ ಎಂಬವರು 1953ರಲ್ಲಿ ಪರಿಚಯಿಸಿದ ಕ್ಲೋಜ್ ವಿಧಾನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಂದು ಬರಹದಲ್ಲಿ ನಿಗದಿತ ಅಂತರದಲ್ಲಿ ಪದಗಳನ್ನು ಅಳಿಸಿ, ಓದುಗರು ಎಷ್ಟನ್ನು ಮರಳಿ ತುಂಬಬಲ್ಲರು ಎಂಬುದರಿಂದ ಆ ಬರಹ ಎಷ್ಟು ಸುಲಭ ಎಂದು ಅಳೆಯುವುದು ಅವರ ಉದ್ದೇಶವಾಗಿತ್ತು. ಅಲ್ಲಿ ಯಾವ ಪದ ಅಳಿಯುತ್ತದೆ ಎಂಬುದನ್ನು ಎಣಿಕೆ ನಿರ್ಧರಿಸುತ್ತಿದ್ದುದರಿಂದ ಕೆಲವು ಖಾಲಿ ಜಾಗಗಳಿಗೆ ಸುಳಿವೇ ಇರುತ್ತಿರಲಿಲ್ಲ. ಜಿಆರ್‌ಇ ವಾಕ್ಯದಲ್ಲಿ ಖಾಲಿ ಜಾಗ ಹಾಗೆ ತಾನಾಗಿ ಬಿದ್ದದ್ದಲ್ಲ, ಸುಳಿವಿನ ಜೊತೆಯಲ್ಲೇ ಯೋಜಿಸಿ ಇಟ್ಟದ್ದು.

ಇನ್ನು ಕಲಿಕೆಯ ವಿಷಯ. ವಿಲಿಯಂ ನೇಗಿ, ಪೆಟ್ರೀಷಿಯಾ ಹರ್ಮನ್ ಮತ್ತು ರಿಚರ್ಡ್ ಆಂಡರ್ಸನ್ ಅವರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಮಕ್ಕಳು ಸಹಜ ಓದಿನಿಂದ ಪದಗಳನ್ನು ಕಲಿಯುತ್ತಾರೆಂದು ತೋರಿಸಿತು, ಆದರೆ ಒಂದು ಪದವನ್ನು ಒಂದೇ ಸಲ ಎದುರಾದಾಗ ಆಗುವ ಕಲಿಕೆ ಬಹಳ ಅಲ್ಪ ಎಂಬುದನ್ನೂ ಅದು ತಿಳಿಸಿತು. ವರ್ಷಗಟ್ಟಲೆ ಓದುವವರಿಗೆ ಆ ಅಲ್ಪವೇ ಕೂಡಿ ದೊಡ್ಡದಾಗುತ್ತದೆ. ಕೆಲವೇ ತಿಂಗಳಲ್ಲಿ ಪರೀಕ್ಷೆಗೆ ಕೂರುವವರಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ಇದಲ್ಲದೆ, ಸುಳಿವು ಕೆಲಸ ಮಾಡಬೇಕಾದರೆ ಸುಳಿವಿನ ಪದಗಳಾದರೂ ಗೊತ್ತಿರಬೇಕು. ಓದುಗನು ಬರಹವೊಂದನ್ನು ಯಾರ ನೆರವೂ ಇಲ್ಲದೆ ಅರ್ಥಮಾಡಿಕೊಳ್ಳಲು ಅದರಲ್ಲಿನ ಸುಮಾರು ಶೇ. 98ರಷ್ಟು ಪದಗಳು ಪರಿಚಿತವಾಗಿರಬೇಕೆಂದು ಪಾಲ್ ನೇಷನ್ ಮತ್ತು ಅವರ ಸಹೋದ್ಯೋಗಿಗಳ ಕೆಲಸ ಸೂಚಿಸುತ್ತದೆ. ಒಂದೇ ವಾಕ್ಯದಲ್ಲಿ ಮೂರು ನಾಲ್ಕು ಪದಗಳು ಮಂಜಾಗಿದ್ದರೆ ಬಿಟ್ಟ ಸ್ಥಳಕ್ಕೆ ಆಧಾರ ಎಲ್ಲಿದೆ ಎಂಬುದೇ ಕಾಣದು, ಮತ್ತು ಅರ್ಥ ಏನಿರಬೇಕೆಂದು ಖಚಿತವಾಗಿ ತಿಳಿದ ಮೇಲೂ ಐದು ಆಯ್ಕೆಗಳಲ್ಲಿ ಅದನ್ನು ಹೊತ್ತಿರುವ ಪದ ಯಾವುದೆಂದು ಗುರುತಿಸಲು ಪಟ್ಟಿಯ ಕಲಿಕೆಯೇ ಬೇಕು.

ನಾನು ಸೂಚಿಸುವುದು ಪಟ್ಟಿಯನ್ನು ಕಲಿಯುವ ರೀತಿಯ ಬದಲಾವಣೆಯನ್ನು. ಇಂಗ್ಲಿಷ್ ಪದದ ಎದುರಿಗೆ ಒಂದೇ ಒಂದು ಕನ್ನಡ ಪದವನ್ನು ಬರೆದು ನೆನಪಿಡುವ ಬದಲು, ಅರ್ಥ ಸ್ವತಃ ಹೊರಗೆ ಬರುವಂಥ ಒಂದು ವಾಕ್ಯವನ್ನು ನೀವೇ ರಚಿಸಿ. ಉದಾಹರಣೆಗೆ, ಲಕಾನಿಕ್ ಎಂಬ ಪದಕ್ಕೆ "ಸಂಕ್ಷಿಪ್ತ" ಎಂದಷ್ಟೇ ಬರೆದುಕೊಂಡರೆ ಸಾರಾಂಶದಂಥ ಲೇಖನಕ್ಕೂ ಅದು ಸಲ್ಲುತ್ತದೆ ಎನಿಸಬಹುದು. "ಎಷ್ಟು ಕೇಳಿದರೂ ಹೌದು, ಅಲ್ಲ ಎಂದಷ್ಟೇ ಉತ್ತರಿಸುವ ಲಕಾನಿಕ್ ಮನುಷ್ಯ" ಎಂದು ಬರೆದುಕೊಂಡರೆ ಆ ಪದದ ಗುಣವೂ ಜೊತೆಗೆ ನಿಲ್ಲುತ್ತದೆ.

ಧಾತುಗಳ ಬಗ್ಗೆ ಹೇಳುವುದಾದರೆ, ಅವು ನೆನಪಿಗೆ ಒಳ್ಳೆಯ ಊರುಗೋಲು, ಆದರೆ ಸಾಕ್ಷಿಯಾಗಿ ಬಲಹೀನ. ಎನರ್ವೇಟ್ ಎಂಬುದು ಶಕ್ತಿ ತುಂಬುವ ಪದದಂತೆ ಕೇಳಿಸುತ್ತದೆ, ಅದರ ಅರ್ಥ ಶಕ್ತಿಗುಂದಿಸುವುದು. ನಾಯ್ಸಮ್ ಎಂಬುದಕ್ಕೆ ಸದ್ದಿನ ಸಂಬಂಧವಿಲ್ಲ, ಅಸಹ್ಯ ವಾಸನೆಯ ಅಥವಾ ಹಾನಿಕರವಾದ ಎಂಬುದು ಅದರ ಅರ್ಥ. ಧಾತುವಿನ ಊಹೆಗೂ ವಾಕ್ಯದ ಆಧಾರಕ್ಕೂ ಹೊಂದಾಣಿಕೆಯಾಗದಿದ್ದರೆ ವಾಕ್ಯವನ್ನೇ ನಂಬಿ.

ಉತ್ತರ: ಯಾದಗಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ

ನಾನು ಜಿಆರ್‌ಇ ಬರೆದವಳಲ್ಲ, ಕರ್ನಾಟಕದ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ಬರೆದವಳು. ಅಲ್ಲಿ 150 ಪ್ರಶ್ನೆಗಳಲ್ಲಿ 30 ಮೊದಲ ಭಾಷೆಗೆ ಸೇರಿದ್ದು, ಗದ್ಯ ಮತ್ತು ಪದ್ಯಭಾಗಗಳನ್ನು ಕೊಟ್ಟು ಪದದ ಅರ್ಥ ಕೇಳುವುದೂ ಉಂಟು. "ಹೊತ್ತು ಮುಳುಗಿತು" ಎಂಬಲ್ಲಿನ ಹೊತ್ತು ಬೇರೆ, "ಮೂಟೆ ಹೊತ್ತು ನಡೆದ" ಎಂಬಲ್ಲಿನ ಹೊತ್ತು ಬೇರೆ ಎಂಬುದನ್ನು ನಾವು ಯೋಚಿಸದೆ ಬೇರ್ಪಡಿಸುತ್ತೇವೆ. ಹಳೆಗನ್ನಡದ ಪದ್ಯವೊಂದರಲ್ಲಿ ಅಪರಿಚಿತ ಪದ ಬಂದಾಗ ಮಾತ್ರ ನಿಂತು, ಮುಂದಿನ ಸಾಲು ಏನನ್ನು ಹೇಳುತ್ತದೆ, ಹೋಲಿಕೆ ಯಾವುದಕ್ಕೆ ಕೊಟ್ಟಿದ್ದಾರೆ ಎಂದು ಹುಡುಕುತ್ತೇವೆ. ನಮ್ಮ ಶಾಲೆಗಳ ಮಕ್ಕಳಿಗೆ ನಾನು ಮಾಡಿಸುವ ಅಭ್ಯಾಸವೆಂದರೆ, ಉತ್ತರ ಹೇಳಿದ ಮೇಲೆ ಆ ಉತ್ತರಕ್ಕೆ ಕಾರಣವಾದ ಪದದ ಕೆಳಗೆ ಗೆರೆ ಎಳೆಯುವುದು. ಗೆರೆ ಎಳೆಯಲು ಪದ ಸಿಗದಿದ್ದರೆ, ಉತ್ತರ ಸರಿಯಿದ್ದರೂ ಅದನ್ನು ಮತ್ತೊಮ್ಮೆ ಓದಿಸುತ್ತೇನೆ. ತಂಗಿ, ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಕೊರತೆ ಎಂಬ ಅಳುಕನ್ನು ದಯವಿಟ್ಟು ಇಟ್ಟುಕೊಳ್ಳಬೇಡಿ. ವಾಕ್ಯವನ್ನು ಬಿಡಿಸಿ ಓದುವ ಬುದ್ಧಿ ನಿಮ್ಮಲ್ಲಿ ಈಗಾಗಲೇ ಬೆಳೆದಿದೆ.

ಪ್ರಶ್ನಿಸಿದವರಿಂದ: ಹಾಸನದ ಓದುಗಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಅಕ್ಕ ಹೇಳಿದ ಗೆರೆ ಎಳೆಯುವ ಅಭ್ಯಾಸವನ್ನು ಆರಂಭಿಸಿದ್ದೇನೆ. ಒಂದು ಕೊನೆಯ ಸಂದೇಹವಿದೆ: ಇಷ್ಟನ್ನೆಲ್ಲ ಮಾಡಲು ಪರೀಕ್ಷೆಯಲ್ಲಿ ಸಮಯ ಸಾಲುತ್ತದೆಯೇ?

ಉತ್ತರ: ಧಾರವಾಡದ ಇಂಗ್ಲಿಷ್ ಅಧ್ಯಾಪಕ

ಸಾಲುವಂತೆ ಹಂಚಿಕೊಳ್ಳಬೇಕು. 2023ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಚಿಕ್ಕ ಸ್ವರೂಪದ ಜಿಆರ್‌ಇಯಲ್ಲಿ ವರ್ಬಲ್‌ಗೆ ಎರಡು ಸೆಕ್ಷನ್‌ಗಳಿವೆ: ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆಗಳು, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆಗಳು. ಸರಾಸರಿ ಒಂದೂವರೆ ನಿಮಿಷವೆಂದು ಕಂಡರೂ, ದೀರ್ಘ ಗದ್ಯಭಾಗಗಳಿಗೆ ಹೆಚ್ಚು ಸಮಯ ಬೇಕಾಗುವುದರಿಂದ ಒಂದೇ ಬಿಟ್ಟ ಸ್ಥಳವಿರುವ ಪ್ರಶ್ನೆಯನ್ನು ಒಂದು ನಿಮಿಷದೊಳಗೆ ಮುಗಿಸುವ ಗುರಿಯಿರಲಿ. ಆರಂಭದ ಕೆಲವು ವಾರ ಗಡಿಯಾರವನ್ನು ದೂರವಿಟ್ಟು, ಪ್ರತಿ ಉತ್ತರಕ್ಕೂ ಆಧಾರದ ಪದವನ್ನು ಗುರುತಿಸುವುದನ್ನಷ್ಟೇ ಅಭ್ಯಾಸ ಮಾಡಿ. ಕೈ ಪಳಗಿದ ಮೇಲೆ ವೇಗ ಕೂಡಿಕೊಳ್ಳುತ್ತದೆ, ಮೊದಲೇ ವೇಗಕ್ಕೆ ಬಿದ್ದವರು ಹೊಂದಿಕೆಯನ್ನು ಆಧಾರವೆಂದು ತಿಳಿಯುವ ಹಳೆಯ ದಾರಿಗೆ ಮರಳುವುದನ್ನು ಕಂಡಿದ್ದೇನೆ.

ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಆದರೆ ಕಣ್ಣುಮುಚ್ಚಿ ಊಹಿಸಿದರೆ ಒಂದು ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ಐದರಲ್ಲಿ ಒಂದು ಅವಕಾಶವಿದ್ದರೆ, ಮೂರು ಆಯ್ಕೆಗಳ ಮೂರು ಬಿಟ್ಟ ಸ್ಥಳಗಳಿರುವಲ್ಲಿ ಅದು ಇಪ್ಪತ್ತೇಳರಲ್ಲಿ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಸಮಯ ಕಡಿಮೆಯಿದ್ದಾಗ ಒಂದೇ ಖಾಲಿ ಜಾಗದ ಪ್ರಶ್ನೆಗಳನ್ನು ಮೊದಲು ಮುಗಿಸಿ, ಮೂರು ಜಾಗಗಳಿರುವಂಥವನ್ನು ಮಾರ್ಕ್ ಮಾಡಿಟ್ಟು ಆಮೇಲೆ ಅವಕ್ಕೆ ಹಿಂದಿರುಗಿ. ಈ ಸೌಲಭ್ಯ ಆಯಾ ಸೆಕ್ಷನ್‌ನೊಳಗೆ ಮಾತ್ರ ಇದೆ. ಎರಡನೆಯ ಸೆಕ್ಷನ್ ಎಷ್ಟು ಕಠಿಣವಾಗಿರುತ್ತದೆ ಎಂಬುದು ಮೊದಲನೆಯದರಲ್ಲಿ ನೀವು ಹೇಗೆ ಮಾಡಿದ್ದೀರಿ ಎಂಬುದನ್ನು ಅವಲಂಬಿಸಿರುವುದರಿಂದ, ಮೊದಲನೆಯದನ್ನು ಮುಗಿಸಿ ಮುಂದಕ್ಕೆ ಹೋದ ಮೇಲೆ ಅದರ ಉತ್ತರಗಳನ್ನು ಬದಲಾಯಿಸಲಾಗದು.